ಅರ್ಧ ಲೋಟ ನೀರು

ನಾಲ್ಕನೇ ಪೈಪು ಬೇಗ ತುಂಬಿಬಿಟ್ಟಿತು. ಜಗ್ಗಿನಲ್ಲಿ ಇನ್ನೂ ಅರ್ಧ ಲೋಟದಷ್ಟು ನೀರು ಉಳಿದಿರುವಾಗಲೇ ಪೈಪಿನ ಬಾಯಿಂದ ಉಕ್ಕಿ ಪುಟ್ಟಿಯ ಬೂಟಿನ ಮೇಲೆ ಚೆಲ್ಲಿತು. ಪೈಪಿನ ಬುಡಕ್ಕೆ ಜಡಿದಿದ್ದ ರಬ್ಬರ್ ಬಿರಡೆ ಎಲ್ಲಿ ಒಳಗೆ ನುಗ್ಗಿದೆಯೋ ಎಂದು ಬಗ್ಗಿ ನೋಡಿದಳು. ಸರಿಯಾಗಿಯೇ ಇತ್ತು. ಪೈಪನ್ನು ಬೋರಲು ಹಾಕಿ, ಚೆನ್ನಾಗಿ ಕೊಡವಿ, ಮತ್ತೆ ತುಂಬಿಸಿದಳು. ಮತ್ತೂ ಅಷ್ಟೇ. ಮೊದಲನೇ ಪೈಪಿನಲ್ಲಿ ಹಿಡಿದಷ್ಟು ನೀರು ನಾಲ್ಕನೆಯದರಲ್ಲಿ ಹಿಡಿಯಲಿಲ್ಲ.

ಬೆಸುಗೆಯಲ್ಲಿ ಸೂಜಿಮೊನೆಯಷ್ಟು ತೂತು ಉಳಿದಿದೆಯೇ ಎಂದು ನೋಡಲು ಪೈಪಿಗೆ ನೀರು ತುಂಬಿಸುವುದು ಆ ವರ್ಕ್‌ಶಾಪಿನ ಹಳೆಯ ಪದ್ಧತಿ. ಯಾವಾಗಲೂ ನಲ್ಲಿಯಿಂದಲೇ ಬಿಡುತ್ತಿದ್ದರು. ತುಂಬಿತು, ಸೋರಲಿಲ್ಲ, ಕೆಲಸ ಮುಗಿಯಿತು. ಎಷ್ಟು ಹಿಡಿಯಿತೆಂದು ನೋಡುವ ಪುರುಸೊತ್ತು ಯಾರಿಗಿತ್ತು? ಅಂದು ನಲ್ಲಿ ಕೈಕೊಟ್ಟಿತ್ತು. ಎಂಜಿನ್ ಆಯಿಲ್ ಅಳೆಯುವ, ಗೆರೆ ಹಾಕಿದ ಪ್ಲಾಸ್ಟಿಕ್ ಜಗ್ಗಿನಲ್ಲಿ ಪ್ರತಿ ಪೈಪಿಗೂ ಅದೇ ಗೆರೆಯವರೆಗೆ ಡ್ರಮ್ಮಿನಿಂದ ನೀರು ತೋಡಿ ಹಾಕಬೇಕಾಗಿ ಬಂದದ್ದರಿಂದ ಈ ವಿಷಯ ಕಣ್ಣಿಗೆ ಬಿತ್ತು. ನಾಲ್ಕೂ ಒಂದೇ ದಪ್ಪದ ಪೈಪುಗಳು. ಒಂದರಲ್ಲಿ ನೀರು ಕಡಿಮೆ ಹಿಡಿಯಿತೆಂದರೆ ಅದು ಗಿಡ್ಡ ಎಂದೇ ಲೆಕ್ಕ.

"ಸೋರ್ತಿದೆಯೇನೇ ಪುಟ್ಟಿ?" ಗರಗಸದ ಹತ್ತಿರ ಕೂತಿದ್ದ ಅಪ್ಪ ತಲೆ ಎತ್ತದೆ ಕೇಳಿದ.

"ಇಲ್ಲಪ್ಪ. ಒಂದು ಹನೀನೂ ಇಲ್ಲ."

ಪುಟ್ಟಿ ಎಂದರೆ ಎರಡು ಜಡೆಯ ಹುಡುಗಿಯಲ್ಲ. ಬರುವ ವರ್ಷಕ್ಕೆ ನಲವತ್ತು ತುಂಬುವ, ಮೊಣಕೈತನಕ ಕಿಡಿ ಹಾರಿದ ಕಲೆಗಳಿರುವ ಹೆಂಗಸು. ಅಪ್ಪ ಕರೆಯುವುದನ್ನು ಕೇಳಿ ಕೇಳಿ ಗಿರಾಕಿಗಳೂ ಹಾಗೆಯೇ ಕರೆಯುತ್ತಿದ್ದರು. ಕಿರಿಯರು ಮರ್ಯಾದೆಗೆಂದು ಕೊನೆಗೊಂದು 'ಅಕ್ಕ' ಸೇರಿಸುತ್ತಿದ್ದರು, ಅಷ್ಟೇ. ಅಪ್ಪನ ಕೈ ನಡುಗಲು ಶುರುವಾದ ಮೇಲೆ ಬೆಸುಗೆಯೆಲ್ಲ ಅವಳದೇ ಆಯಿತು. ಆದರೆ ಅಳತೆ ಮಾತ್ರ ಅಪ್ಪನದು. ಯಾವ ಕಾರಿಗೆ ಎಂಥ ಹೆಡರ್, ಎಷ್ಟು ಉದ್ದ, ಎಲ್ಲಿ ಬಾಗಬೇಕು ಎಂಬುದನ್ನೆಲ್ಲ ಅವನೇ ಹೇಳಬೇಕು, ಅವನೇ ಕತ್ತರಿಸಬೇಕು. ಟೈಲರುಗಳು ಹೆಗಲ ಮೇಲೆ ಹಾಕಿಕೊಳ್ಳುವಂಥ ಬಟ್ಟೆಯ ಟೇಪೊಂದು ಅವನ ಕುತ್ತಿಗೆಯಲ್ಲಿ ಸದಾ ನೇತಾಡುತ್ತಿತ್ತು. ಅದಕ್ಕೆ ಇನ್ನೊಬ್ಬರು ಕೈ ಹಾಕಿದ್ದನ್ನು ಆ ವರ್ಕ್‌ಶಾಪ್ ಕಂಡಿರಲಿಲ್ಲ.

ಎಂಜಿನ್ನಿನ ನಾಲ್ಕು ತೂತುಗಳಿಂದ ಹೊರಬೀಳುವ ಹೊಗೆಯನ್ನು ನಾಲ್ಕು ಪೈಪುಗಳಲ್ಲಿ ಬರಮಾಡಿಕೊಂಡು ಒಂದೇ ಬಾಯಿಗೆ ಸೇರಿಸುವುದು ಹೆಡರ್‌ನ ಕೆಲಸ. ಕೇಳುವುದಕ್ಕೆ ಚರಂಡಿ ಕೆಲಸದ ಹಾಗಿದೆ, ನಿಜ. ಆದರೆ ಒಂದು ಪೈಪಿನ ಹೊಗೆ ರಭಸವಾಗಿ ಹೋಗುವಾಗ ಪಕ್ಕದ ಪೈಪಿನದನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಆ ಎಳೆತ ಹೊತ್ತಿಗೆ ಸರಿಯಾಗಿ ಸಿಕ್ಕಿದರೆ ಎಂಜಿನ್ ಹಗುರಾಗಿ ಉಸಿರಾಡುತ್ತದೆ. ಉಸಿರಾಟದ ಹೊತ್ತನ್ನು ಗೊತ್ತುಮಾಡುವುದು ಪೈಪಿನ ಉದ್ದ. ಅದಕ್ಕೇ ಅಪ್ಪ ಬಂದವರಿಗೆಲ್ಲ ಎದೆ ಸೆಟೆಸಿ ಹೇಳುತ್ತಿದ್ದ ಮಾತು ಒಂದೇ: "ನನ್ನ ಹೆಡರ್‌ನಲ್ಲಿ ನಾಲ್ಕೂ ಒಂದೇ ಉದ್ದ. ಕೂದಲೆಳೆಯಷ್ಟು ಹೆಚ್ಚುಕಮ್ಮಿ ತೋರಿಸಿಬಿಡಿ, ಅಂಗಡಿ ಮುಚ್ತೀನಿ." ಮೂವತ್ತು ವರ್ಷದಿಂದ ಯಾರೂ ತೋರಿಸಿರಲಿಲ್ಲ. ಈಗ ಅವನ ಸ್ವಂತ ಮಗಳ ಕೈಯಲ್ಲೇ ಅರ್ಧ ಲೋಟ ನೀರು ಉಳಿದಿತ್ತು.

ಅಪ್ಪ ಮುಂದಿನ ತುಂಡನ್ನು ಅಳೆಯುವುದನ್ನು ಅವಳು ಆವತ್ತು ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಬಾಗಿದ ಪೈಪಿನ ಬೆನ್ನ ಮೇಲೆ ಟೇಪನ್ನು ಒತ್ತಿ, ಕಮಾನಿನ ಉದ್ದಕ್ಕೂ ಸವರಿಕೊಂಡು ಹೋಗಿ, ಬಳಪದಲ್ಲಿ ಗುರುತು ಹಾಕಿದ. ಪುಟ್ಟಿ ತನ್ನ ತೋರುಬೆರಳನ್ನು ಮಡಚಿ ನೋಡಿಕೊಂಡಳು. ಗೆಣ್ಣಿನ ಮೇಲಿಂದ ಅಳೆದರೆ ಒಂದು ಉದ್ದ, ಒಳಮಗ್ಗುಲಿಂದ ಅಳೆದರೆ ಇನ್ನೊಂದು. ಹೊಗೆ ಹೋಗುವುದು ಪೈಪಿನ ನಡುವೆ, ಬೆನ್ನ ಮೇಲಲ್ಲ. ಜಾಸ್ತಿ ಬಾಗಿದ ಪೈಪು ಬೆನ್ನ ಮೇಲೆ ಅಪ್ಪನ ಅಳತೆಗೆ ಸರಿಯಾಗಿ ಬಂದರೂ ಒಳಗೆ ಗಿಡ್ಡವಾಗುತ್ತದೆ. ನಾಲ್ಕನೆಯದು ಸ್ಟೀರಿಂಗ್ ದಂಡವನ್ನು ಸುತ್ತಿ ಬರಬೇಕಿದ್ದರಿಂದ ಎಲ್ಲಕ್ಕಿಂತ ಹೆಚ್ಚು ಬಾಗಿತ್ತು. ಇಷ್ಟು ಸಣ್ಣ ವಿಷಯ ತನಗೆ ಇಪ್ಪತ್ತು ವರ್ಷ ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ಅಪ್ಪನಿಗಿಂತ ತನ್ನ ಮೇಲೆಯೇ ಸಿಟ್ಟು ಬಂತು.

ಬೇರೆ ಯಾವ ವಾರವಾಗಿದ್ದರೂ ನಕ್ಕು ಸುಮ್ಮನಾಗಬಹುದಿತ್ತು. ಆ ಹೆಡರ್ ಹಲ್ಲಿನ ಡಾಕ್ಟರ ಕಾರಿನದು, ತೊಡಕಿದ್ದದ್ದು ಅಲ್ಲಿ. ಡಾಕ್ಟರು ಹಲ್ಲು ಕೀಳುವುದರಲ್ಲಿ ಎಷ್ಟು ನಿಧಾನವೋ ಸ್ಟೀರಿಂಗ್ ಮುಂದೆ ಅಷ್ಟೇ ಅವಸರದ ಮನುಷ್ಯ. ಕೆಳಗಿನ ಪೇಟೆಯಲ್ಲೊಂದು ಕ್ಲಿನಿಕ್ಕು, ಗುಡ್ಡದ ಮೇಲೊಂದು. ದಿನಾ ಹತ್ತಿ ಇಳಿಯಲು ಎರಡು ಬಾಗಿಲ ಹಳೆಯ ಪುಟಾಣಿ ಕಾರೊಂದನ್ನು ಹಿಡಿದು, ಎಂಜಿನ್ ಬಿಚ್ಚಿ ಕಟ್ಟಿಸಿ, ಬ್ರೇಕು ಬದಲಾಯಿಸಿ, ಸ್ಪ್ರಿಂಗು ಬಿಗಿ ಮಾಡಿಸಿ ಎರಡು ವರ್ಷ ಅದರ ಬೆನ್ನು ಹತ್ತಿದ್ದರು. ಕೊನೆಗೆ ಉಳಿದದ್ದು ಹೆಡರ್. ಅದನ್ನು ಅಪ್ಪನಿಗೆ ಮಾಡಲು ಹೇಳಿದ ಮರುವಾರವೇ ಯಾರದೋ ಮಾತು ಕೇಳಿ, ಡಬ್ಬಿಯಲ್ಲಿ ಬರುವ ಥಳಥಳ ಹೊಳೆಯುವ ಸ್ಟೀಲಿನ ಹೆಡರೊಂದನ್ನೂ ತರಿಸಿದ್ದರು. ಅದರ ಜೊತೆ ಬಣ್ಣಬಣ್ಣದ ನಕ್ಷೆ ಬೇರೆ.

"ತಪ್ಪು ತಿಳ್ಕೋಬೇಡಿ ಯಜಮಾನ್ರೇ," ಎಂದು ಅವರು ಆ ಡಬ್ಬಿಯನ್ನು ಮಗುವಿನಂತೆ ಎತ್ತಿಕೊಂಡು ಬಂದಿದ್ದರು. "ಶನಿವಾರ ಎರಡನ್ನೂ ಹಾಕಿ ಓಡಿಸಿ ನೋಡೋಣ. ಯಾವುದು ಇರಬೇಕು ಅಂತ ನೀವೇ ಹೇಳಿ. ನಾನು ಬಾಯೊಳಗೆ ನೋಡೋನು, ಬಾನೆಟ್ ಒಳಗೆ ಏನು ಗೊತ್ತಾಗುತ್ತೆ?"

"ತಪ್ಪೇನು ಬಂತು ಡಾಕ್ಟ್ರೇ," ಎಂದಿದ್ದ ಅಪ್ಪ. "ಹೊಳೆಯೋದು ಬೇರೆ, ಎಳೆಯೋದು ಬೇರೆ. ಅದೂ ನೋಡೇಬಿಡೋಣ."

ಡಾಕ್ಟರ ಹಿಂದೆ ಅಂಥದೇ ಕಾರುಗಳ ಹುಚ್ಚು ಹತ್ತಿದ ನಾಲ್ಕೈದು ಜನ ಗೆಳೆಯರಿದ್ದರು. ಇವರು ಯಾವುದಕ್ಕೆ ಹೂಂ ಅನ್ನುತ್ತಾರೋ ಅವರೂ ಅದಕ್ಕೇ. ಡಬ್ಬಿ ಗೆದ್ದರೆ ಎಲ್ಲರೂ ಡಬ್ಬಿ ತರಿಸುತ್ತಾರೆ. ಆಮೇಲೆ ಈ ವರ್ಕ್‌ಶಾಪಿಗೆ ಉಳಿಯುವುದು ತುಕ್ಕು ಹಿಡಿದ ಸೈಲೆನ್ಸರಿಗೆ ತೇಪೆ ಹಾಕುವ ಕೆಲಸ. ಪುಟ್ಟಿಗೆ ಆ ಕೆಲಸ ಬರುತ್ತಿತ್ತು, ಆದರೆ ಅದರಲ್ಲಿ ಮನಸ್ಸಿರಲಿಲ್ಲ. ನಾಲ್ಕು ಪೈಪುಗಳನ್ನು ಒಂದಕ್ಕೊಂದು ತಾಗದಂತೆ ಹೆಣೆದು ಇಕ್ಕಟ್ಟಿನ ಜಾಗದಲ್ಲಿ ಕೂರಿಸುವುದು ಅವಳಿಗೆ ಪ್ರಾಣ. ಅದು ಕೈತಪ್ಪಿದರೆ ಬೆಳಿಗ್ಗೆ ಎದ್ದು ಬೀಗ ತೆಗೆಯಲು ಬರುವ ಉತ್ಸಾಹವೇ ಉಳಿಯುವುದಿಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅಪ್ಪ ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗಿ ಒಂದು ಗಳಿಗೆ ಮಲಗಿ ಬರುತ್ತಿದ್ದ. ಆ ಎರಡು ಗಂಟೆಯಲ್ಲಿ ನಾಲ್ಕನೇ ಪೈಪನ್ನು ಕತ್ತರಿಸಿ, ನಡುವೆ ಆರು ಸೆಂಟಿಮೀಟರಿನ ತುಂಡು ಸೇರಿಸಿ ಸರಿಮಾಡಿಬಿಡಬಹುದಿತ್ತು. ಅವನಿಗೆ ಗೊತ್ತೇ ಆಗುತ್ತಿರಲಿಲ್ಲ. ಪುಟ್ಟಿ ಗರಗಸದ ಮುಂದೆ ಪೈಪು ಹಿಡಿದು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಅದನ್ನು ಮೇಜಿನ ಮೇಲೆ ಇಟ್ಟಳು. ಓಡಿಸಿ ನೋಡದೆ ಕತ್ತರಿ ಹಾಕುವ ಕೆಲಸ ಅವಳು ಯಾವತ್ತೂ ಮಾಡಿದವಳಲ್ಲ. ಅಪ್ಪನ ಹೆಡರ್ ಹಾಕಿದ ಕಾರುಗಳನ್ನು ಇಪ್ಪತ್ತು ವರ್ಷದಿಂದ ಅವಳೇ ಓಡಿಸಿ ನೋಡಿ ಬಿಟ್ಟುಕೊಡುತ್ತಿದ್ದಳು. ಅವು ಚೆನ್ನಾಗಿಯೇ ಓಡುತ್ತಿದ್ದವು. ಸೋತರೆ ಸೋತಿತೆಂದು ತಾನೇ ಹೇಳಿದರಾಯಿತು ಎಂದುಕೊಂಡು ನಾಲ್ಕನ್ನೂ ಇದ್ದ ಹಾಗೆಯೇ ಕೂಡಿಸಿ ಬೆಸೆದಳು.

ಶನಿವಾರ ಬೆಳಿಗ್ಗೆ ಡಬ್ಬಿಯ ಹೆಡರ್ ಹಾಕಿಕೊಂಡು ಹೊರಟರು. ಪುಟ್ಟಿ ಸ್ಟೀರಿಂಗಿನಲ್ಲಿ, ಡಾಕ್ಟರು ಪಕ್ಕದಲ್ಲಿ, ಅಪ್ಪ ಹಿಂದಿನ ಸೀಟಿನಲ್ಲಿ ಮೊಣಕಾಲನ್ನು ಗದ್ದಕ್ಕೆ ತಾಗಿಸಿಕೊಂಡು. ಊರಾಚೆಯ ಬಯಲು ರಸ್ತೆಯಲ್ಲಿ ಕಾರು ಹುಚ್ಚೆದ್ದು ಓಡಿತು. ಎಂಜಿನ್ನಿನ ಸುತ್ತು ತೋರಿಸುವ ಮುಳ್ಳು ಐದು ಸಾವಿರ ದಾಟಿದ್ದೇ ತಡ, ಯಾರೋ ಹಿಂದಿನಿಂದ ದಬ್ಬಿದಂತೆ ನುಗ್ಗಿತು. ಡಾಕ್ಟರು ಬಾಗಿಲ ಹಿಡಿಕೆ ಹಿಡಿದುಕೊಂಡು ಹಲ್ಲು ಕಿರಿದರು.

ಗುಡ್ಡದ ರಸ್ತೆಗೆ ತಿರುಗಿದ ಮೇಲೆ ಆಟ ಬೇರೆಯಾಯಿತು. ಮುಂದೆ ಮರಳಿನ ಲಾರಿಯೊಂದು ತೆವಳುತ್ತಿತ್ತು. ತಿರುವು ಮುಗಿದು ರಸ್ತೆ ಚೂರು ನೆಟ್ಟಗಾದಾಗ ಪುಟ್ಟಿ ಕಾಲು ಒತ್ತಿದಳು. ಕಾರು ಗುಂಯ್‌ಗುಟ್ಟಿತೇ ಹೊರತು ಮುಂದೆ ಹೋಗಲಿಲ್ಲ. ಒಂದು, ಎರಡು, ಮೂರು ಎಂದು ಎಣಿಸುವಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಒಮ್ಮೆಲೇ ಬಲವೆಲ್ಲ ಬಂತು, ಅಷ್ಟರಲ್ಲಿ ಮುಂದಿನ ತಿರುವೂ ಬಂದಿತ್ತು. ಬ್ರೇಕು ಒತ್ತಿ ಮತ್ತೆ ಲಾರಿಯ ಹಿಂದೆ ಸೇರಿಕೊಳ್ಳಬೇಕಾಯಿತು. ಗುಡ್ಡ ಹತ್ತುವವರೆಗೂ ನಾಲ್ಕು ಸಲ ಹೀಗೆಯೇ ಆಯಿತು. ಗೇರ್ ಇಳಿಸಿ ಎಂಜಿನ್ನನ್ನು ಕಿರುಚಾಡಿಸಿದರೆ ಓಡುತ್ತಿತ್ತು, ಆದರೆ ದಿನಾ ಬೆಳಿಗ್ಗೆ ಕ್ಲಿನಿಕ್ಕಿಗೆ ಹಾಗೆ ಹೋಗುವವರು ಯಾರು?

ವಾಪಸು ಬಂದು, ಪೈಪು ತಣಿಯುವವರೆಗೆ ಚಹಾ ಕುಡಿದು, ಹೆಡರ್ ಬದಲಾಯಿಸಿ, ಪೆಟ್ರೋಲಿನ ಹದ ಸರಿಮಾಡಿ ಮತ್ತೆ ಹೊರಟಾಗ ಮೂರು ಗಂಟೆ. ಬಯಲು ರಸ್ತೆಯಲ್ಲಿ ಅಪ್ಪನ ಹೆಡರ್ ಸೋತಿತು. ಕಾರು ಓಡಿತು, ಆದರೆ ಬೆಳಗಿನ ಹುಚ್ಚು ಇರಲಿಲ್ಲ. ಗುಡ್ಡದ ಬುಡದಲ್ಲಿ ಈ ಸಲ ಟ್ಯಾಂಕರೊಂದು ಸಿಕ್ಕಿತು. ತಿರುವು ಮುಗಿಯುವ ಮೊದಲೇ ಅವಳು ಮೆಲ್ಲಗೆ ಕಾಲು ಒತ್ತಿದಳು. ಕಾರು ಒತ್ತಿದಲ್ಲೇ ಎದ್ದಿತು. ಎರಡೂವರೆ ಸಾವಿರದಲ್ಲಿ ಎಳೆಯಿತು, ಮೂರರಲ್ಲಿ ಎಳೆಯಿತು, ನಾಲ್ಕರಲ್ಲೂ ಎಳೆಯಿತು. ಎಲ್ಲೂ ದಬ್ಬಲಿಲ್ಲ, ಎಲ್ಲೂ ಕೈಬಿಡಲಿಲ್ಲ. ಟ್ಯಾಂಕರು ಹಿಂದೆ ಬಿದ್ದದ್ದು ಡಾಕ್ಟರಿಗೆ ತಿಳಿದದ್ದೇ ಕನ್ನಡಿಯಲ್ಲಿ ನೋಡಿದ ಮೇಲೆ.

ಎರಡನೇ ಟ್ಯಾಂಕರನ್ನು ದಾಟುವ ಹೊತ್ತಿಗೆ ಪುಟ್ಟಿಗೆ ವಿಷಯ ಹೊಳೆಯಿತು. ನಕ್ಷೆಯಲ್ಲಿ ಬರೆದ ಹಾಗೆ ಡಬ್ಬಿಯ ನಾಲ್ಕು ಪೈಪುಗಳೂ ನಿಜಕ್ಕೂ ಒಂದೇ ಉದ್ದ. ಅದಕ್ಕೇ ನಾಲ್ಕೂ ಒಂದೇ ವೇಗದಲ್ಲಿ ಕೂಡಿ ಎಳೆಯುತ್ತವೆ, ಉಳಿದ ಹೊತ್ತು ಸುಮ್ಮನಿರುತ್ತವೆ. ಅಪ್ಪನವು ಬಾಗಿದ್ದಕ್ಕೆ ತಕ್ಕಂತೆ ಒಂದೊಂದು ಒಂದೊಂದು ಉದ್ದ; ನಾಲ್ಕನೆಯದರಷ್ಟಲ್ಲದಿದ್ದರೂ ಉಳಿದವುಗಳಲ್ಲೂ ಚೂರು ಹೆಚ್ಚುಕಮ್ಮಿ ಇದ್ದೇ ಇತ್ತು. ಒಂದು ಎರಡೂವರೆ ಸಾವಿರಕ್ಕೆ ಎಚ್ಚರಾದರೆ ಇನ್ನೊಂದು ಮೂರಕ್ಕೆ, ಮತ್ತೊಂದು ನಾಲ್ಕಕ್ಕೆ. ಸರದಿಯ ಮೇಲೆ ಹೆಗಲು ಕೊಡುತ್ತವೆ. ಈ ಗುಡ್ಡದ ರಸ್ತೆಯಲ್ಲಿ ಮೂವತ್ತು ವರ್ಷದಿಂದ ಅಪ್ಪನ ಹೆಸರು ನಿಂತಿದ್ದದ್ದು ಅವನು ಹೇಳಿಕೊಳ್ಳುತ್ತಿದ್ದ ಅಳತೆಯಿಂದಲ್ಲ, ತಪ್ಪಿಹೋದ ಅಳತೆಯಿಂದ. ಅವಳಿಗೆ ನಗು ಬಂತು. ಅದರ ಹಿಂದೆಯೇ ಇದನ್ನು ಅವನಿಗೆ ಹೇಳುವವರು ಯಾರು ಎಂಬ ಯೋಚನೆಯೂ ಬಂತು.

ಗುಡ್ಡದ ಮೇಲಿನ ಕ್ಲಿನಿಕ್ಕಿನ ಮುಂದೆ ಕಾರು ನಿಂತಿತು. ಡಾಕ್ಟರು ಇಳಿದು ಸೀಟು ಮಡಚಿ, ಅಪ್ಪನಿಗೆ ಕೈಕೊಟ್ಟು ಹೊರಗೆ ಎಳೆದುಕೊಂಡರು.

"ಹೇಳಿ ಯಜಮಾನ್ರೇ. ಯಾವುದು?"

"ನಮ್ಮದೇ," ಎಂದ ಅಪ್ಪ ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತ. "ಯಾಕೆ ಅಂತೀರಿ? ನಾಲ್ಕೂ ಒಂದೇ ಉದ್ದ. ಆ ಡಬ್ಬಿಯವರು ಎಲ್ಲೋ ಎಡವಟ್ಟು ಮಾಡಿದ್ದಾರೆ. ಬೇಕಿದ್ದರೆ ಬರೆದುಕೊಡ್ತೀನಿ."

ಡಾಕ್ಟರು ಪುಟ್ಟಿಯ ಕಡೆ ನೋಡಿದರು. "ನೀವೇನಂತೀರಿ ಪುಟ್ಟಕ್ಕ?"

"ಬಯಲಲ್ಲಿ ರೇಸಿಗೆ ಹೋಗೋದಾದರೆ ಡಬ್ಬಿದು ಇಟ್ಕೊಳ್ಳಿ," ಎಂದಳು ಅವಳು. "ದಿನಾ ಈ ಗುಡ್ಡ ಹತ್ತೋದಾದರೆ ನಮ್ಮದು. ಇದರಲ್ಲಿ ನನಗೆ ಅನುಮಾನ ಇಲ್ಲ."

ಉದ್ದದ ವಿಷಯ ಅವಳು ಎತ್ತಲಿಲ್ಲ. ಗಿರಾಕಿಯ ಮುಂದೆ ಅಪ್ಪನನ್ನು ತಲೆ ತಗ್ಗಿಸುವಂತೆ ಮಾಡುವುದು ಅವಳಿಂದಾಗದ ಕೆಲಸ.

ಭಾನುವಾರ ಪೂರ್ತಿ ಅವಳು ತನ್ನೊಳಗೇ ವಾದ ಮಾಡಿದಳು. ಬಾಯಿಗೆ ಬೀಗ ಹಾಕಿಕೊಂಡರೆ ಯಾರಿಗೂ ನಷ್ಟವಿಲ್ಲ. ಆದರೆ ಸೋಮವಾರಕ್ಕೆ ಡಾಕ್ಟರ ಗೆಳೆಯ, ಔಷಧಿ ಅಂಗಡಿಯವರ ಕಾರು ಬರುವುದಿತ್ತು. ಅದು ದೊಡ್ಡ ಎಂಜಿನ್ನಿನ ಕಾರು, ಓಡುವುದು ಎರಡು ಪೇಟೆಗಳ ನಡುವಿನ ನೆಟ್ಟಗಿನ ಹೆದ್ದಾರಿಯಲ್ಲಿ. ಅದಕ್ಕೆ ನಿಜಕ್ಕೂ ಒಂದೇ ಉದ್ದದ ಪೈಪುಗಳೇ ಆಗಬೇಕು. ಬೆನ್ನ ಮೇಲಿನ ಟೇಪು ಅದನ್ನು ಕೊಡುವುದಿಲ್ಲ. ಅದೃಷ್ಟ ಒಂದು ಗುಡ್ಡದಲ್ಲಿ ಕೈಹಿಡಿಯಿತೆಂದು ಎಲ್ಲ ರಸ್ತೆಯಲ್ಲೂ ಹಿಡಿಯುತ್ತದೆಯೇ?

ಸೋಮವಾರ ಬೆಳಿಗ್ಗೆ ಅಪ್ಪ ಟೇಪು ಕೈಗೆ ತೆಗೆದುಕೊಂಡಾಗ ಹೇಳಿದಳು. ಸುತ್ತಿ ಬಳಸಿ ಹೇಳಲಿಲ್ಲ. "ಅಪ್ಪ, ನಮ್ಮ ಪೈಪುಗಳು ಒಂದೇ ಉದ್ದ ಇಲ್ಲ. ನೀರು ಹಾಕಿ ನೋಡ್ದೆ."

"ಏನು ನೀರು?"

ಅವಳು ವಿವರಿಸಿದಳು. ಬೆರಳು ಮಡಚಿ ತೋರಿಸಿದಳು. ಅಪ್ಪನ ಮುಖ ಕೆಂಪಾಯಿತು.

"ನೀನು ಈ ಬೆರಳು ಚೀಪ್ತಿದ್ದ ಕಾಲದಿಂದ ನಾನು ಹೆಡರ್ ಮಾಡ್ತಿದ್ದೀನಿ. ಈಗ ಜಗ್ಗು ತಂದು ನನಗೆ ಪಾಠ ಹೇಳ್ತೀಯಾ? ಮೊನ್ನೆ ಗುಡ್ಡದ ಮೇಲೆ ಏನಾಯ್ತು ನೋಡಲಿಲ್ವಾ?"

"ನೋಡ್ದೆ. ಉದ್ದ ಬೇರೆ ಬೇರೆ ಇರೋದಕ್ಕೇ ಅಷ್ಟು ಚೆನ್ನಾಗಿ ಎಳೀತು. ಪೈಪು ಚೆನ್ನಾಗಿದೆಯಪ್ಪ. ನಾವು ಹೇಳ್ತಿರೋ ಕಾರಣ ಮಾತ್ರ ತಪ್ಪು."

ಮೂಲೆಯಲ್ಲಿ ಹಳೆಯ ಗಿರಾಕಿಯೊಬ್ಬ ಬಿಟ್ಟುಹೋದ ಹೆಡರ್ ಬಿದ್ದಿತ್ತು. ಅಪ್ಪನೇ ತನ್ನ ಕೈಯಾರೆ ಬೆಸೆದದ್ದು, ನಡುಕ ಶುರುವಾಗುವುದಕ್ಕಿಂತ ಎಷ್ಟೋ ಮೊದಲು. ಅದನ್ನು ಎಳೆದು ತಂದು, ನಾಲ್ಕೂ ಕೂಡುವ ಬಾಯಿಯನ್ನು ಗರಗಸದಲ್ಲಿ ಕತ್ತರಿಸಿ ಬಿಡಿಸಿ, ಬಿರಡೆ ಜಡಿದು, ಮಗಳ ಕೈಯಿಂದ ಜಗ್ಗು ಕಿತ್ತುಕೊಂಡು ತಾನೇ ನೀರು ಹಾಕಿದ. ಒಂದು. ಎರಡು. ಮೂರನೆಯದರಲ್ಲೇ ನೀರು ಉಳಿಯಿತು. ನಾಲ್ಕನೆಯದರಲ್ಲಿ ಇನ್ನೂ ಹೆಚ್ಚು ಉಳಿಯಿತು. ಜಗ್ಗನ್ನು ಬೆಳಕಿಗೆ ಹಿಡಿದು ಗೆರೆ ನೋಡಿದ. ನಡುಗುವ ಕೈಯಲ್ಲಿ ನೀರು ಆ ಗೆರೆಗೂ ಈ ಗೆರೆಗೂ ತುಳುಕುತ್ತಿತ್ತು. ಮೇಜಿನ ಮೇಲಿಟ್ಟು, ಅದು ನಿಲ್ಲುವವರೆಗೆ ಕಾದು ಮತ್ತೆ ನೋಡಿದ.

"ಎಷ್ಟು ಜನಕ್ಕೆ ಹೇಳಿದೀನಿ," ಎಂದ ಕೊನೆಗೆ. ಟೇಪನ್ನು ಕುತ್ತಿಗೆಯಿಂದ ತೆಗೆದು ಮೇಜಿನ ಮೇಲಿಟ್ಟು ಮನೆಗೆ ಹೋದ. ಆಗಿನ್ನೂ ಹನ್ನೊಂದು ಗಂಟೆಯಾಗಿರಲಿಲ್ಲ.

ಮಂಗಳವಾರ ಬರಲಿಲ್ಲ. ಪುಟ್ಟಿ ಔಷಧಿ ಅಂಗಡಿಯವರ ಕಾರಿನ ಹಳೆಯ ಪೈಪುಗಳನ್ನು ಬಿಚ್ಚಿದಳು, ಎಂಜಿನ್ನಿಗೆ ಬಿಗಿಯುವ ತಗಡನ್ನು ಕತ್ತರಿಸಿ ತೂತು ಕೊರೆದಳು. ಟೇಪು ಮೇಜಿನ ಮೇಲೆಯೇ ಇತ್ತು. ಬೇಕಿದ್ದರೆ ತಾನೇ ಅಳೆಯಬಹುದಿತ್ತು, ಅಳೆಯಬೇಕಾದದ್ದು ಹೇಗೆಂದು ಗೊತ್ತೂ ಇತ್ತು. ಆದರೆ ಮುಟ್ಟಲಿಲ್ಲ. ಹೇಳಿದ್ದು ಸರಿಯೆಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಆದರೂ ಗರಗಸದ ಸದ್ದಿಲ್ಲದ ವರ್ಕ್‌ಶಾಪಿನಲ್ಲಿ ಅವಳಿಗೆ ಅಳು ಬರುವಷ್ಟು ಬೇಜಾರಾಯಿತು.

ಬುಧವಾರ ಮಧ್ಯಾಹ್ನ ಅಮ್ಮ ಫೋನು ಮಾಡಿದಳು.

"ಏನು ಮಾಡಿದೀಯೇ ನಿಮ್ಮಪ್ಪಂಗೆ? ಗಿಡಕ್ಕೆ ನೀರು ಬಿಡೋ ಪೈಪನ್ನ ತುಂಡು ತುಂಡು ಮಾಡಿ ಹಾಕಿದ್ದಾರೆ."

"ಯಾಕಂತೆ?"

"ನನಗೇನು ಗೊತ್ತು? ಒಂದೊಂದನ್ನೂ ಬಗ್ಗಿಸಿ, ದಾರ ಕಟ್ಟಿ, ನೀರು ತುಂಬಿಸ್ತಾರೆ. ಆಮೇಲೆ ನೆಟ್ಟಗೆ ಮಾಡಿ ಮತ್ತೆ ತುಂಬಿಸ್ತಾರೆ. ನನ್ನ ಹೊಲಿಗೆ ಟೇಪು ತಗೊಂಡು ಮೇಲೆ ಕೆಳಗೆ ಅಳೀತಾರೆ. ಹಜಾರ ಎಲ್ಲ ಕೆರೆ ಆಗಿದೆ. ಕೇಳಿದರೆ, 'ನೀನು ಸುಮ್ನಿರು, ನೀರು ಅಷ್ಟೇ ಇದೆ, ಬೆನ್ನು ಮಾತ್ರ ಬೆಳೀತು' ಅಂತಾರೆ. ಡಾಕ್ಟ್ರ ಹತ್ರ ಕರ್ಕೊಂಡು ಹೋಗೋಣ ಅಂದ್ರೆ ನಿಮ್ಮ ಕಡೆ ಇರೋದು ಹಲ್ಲಿನ ಡಾಕ್ಟ್ರು."

ಪುಟ್ಟಿ ಎರಡು ದಿನದಲ್ಲಿ ಮೊದಲ ಬಾರಿ ನಕ್ಕಳು. "ಊಟ ಮಾಡಿದ್ನಾ ಅಮ್ಮ?"

"ಚೆನ್ನಾಗೇ ಮಾಡ್ತಾರೆ. ಅದಕ್ಕೇನೂ ಕಮ್ಮಿ ಇಲ್ಲ."

ಗುರುವಾರ ಪುಟ್ಟಿ ಬೀಗ ತೆಗೆಯಲು ಬಂದಾಗ ಬಾಗಿಲು ಆಗಲೇ ತೆರೆದಿತ್ತು. ಅಪ್ಪ ಔಷಧಿ ಅಂಗಡಿಯವರ ಕಾರಿನ ಬಾನೆಟ್ ಎತ್ತಿ, ಟಾರ್ಚಿನ ಬೆಳಕಿನಲ್ಲಿ ಒಳಗೆ ಇಣುಕುತ್ತಿದ್ದ. ಅವಳು ಬಂದದ್ದನ್ನು ಕಂಡೂ ಕಾಣದವನಂತೆ ಇದ್ದ. ಆಮೇಲೆ ಹೊಸ ಪೈಪುಗಳನ್ನು ಕಪಾಟಿನಿಂದ ಇಳಿಸಿ ಗರಗಸದ ಪಕ್ಕ ಜೋಡಿಸಿದ. ಇಬ್ಬರೂ ಚಹಾ ಕುಡಿದರು. ನಲ್ಲಿ ಸರಿಮಾಡುವವನಿಗೆ ಹೇಳಿದೆಯಾ ಎಂದು ಅವನು ಕೇಳಿದ. ಹೇಳಿದ್ದೀನಿ, ಅವನು ಬಂದಾಗ ಬಂದ ಎಂದು ಅವಳು ಹೇಳಿದಳು.

"ಡಾಕ್ಟ್ರಿಗೆ ನಿನ್ನೆ ಫೋನು ಮಾಡಿ ಹೇಳ್ದೆ," ಎಂದ ಅಪ್ಪ, ಲೋಟ ಕೆಳಗಿಡುತ್ತ. "ನಾಲ್ಕೂ ಒಂದೇ ಉದ್ದ ಅಂದಿದ್ದು ಸುಳ್ಳು ಅಂತ."

"ಅವರೇನಂದ್ರು?"

"ಇನ್ನು ಮುಂದೆ ಹಲ್ಲು ಕಟ್ಟೋವಾಗ ನಾನೂ ಬೆನ್ನ ಮೇಲೇ ಅಳೀತೀನಿ ಅಂದ್ರು. ಹೆಡರ್ ಮಾತ್ರ ವಾಪಸ್ ಕೊಡಲ್ವಂತೆ."

ಅವನ ತುಟಿಯಂಚಿನಲ್ಲಿ ನಗುವಿನ ಗುರುತು ಇತ್ತೋ ಇಲ್ಲವೋ, ಪುಟ್ಟಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಅವನು ಎದ್ದು ಹೋಗಿ ಗರಗಸದ ಮುಂದಿನ ಸ್ಟೂಲನ್ನು ಎಳೆದುಕೊಂಡಿದ್ದ. ಬಾಗಿದ ಪೈಪೊಂದನ್ನು ಎತ್ತಿ, ಮಗ್ಗುಲಿಗೆ ಹೊರಳಿಸಿ, ಎರಡು ಸಲ ತಿರುಗಿಸಿ ನೋಡಿ ಗರಗಸದ ಕ್ಲಾಂಪಿನಲ್ಲಿ ಬಿಗಿದ.

"ಹೆದ್ದಾರಿ ಕಾರು ಇದು," ಎಂದ. "ಇದಕ್ಕೆ ಎಷ್ಟು ಇಡ್ತೀಯ?"

ಪುಟ್ಟಿಗೆ ಒಂದು ಕ್ಷಣ ತನ್ನನ್ನೇ ಕೇಳಿದ್ದೋ ಎಂದು ಗೊತ್ತಾಗಲಿಲ್ಲ. ಮೂರು ದಿನದಿಂದ ತಲೆಯಲ್ಲಿಟ್ಟುಕೊಂಡಿದ್ದ ಲೆಕ್ಕ ನಾಲಿಗೆಯ ತುದಿಯಲ್ಲೇ ಇತ್ತು.

"ಎಪ್ಪತ್ತೊಂದು ಸೆಂಟಿ," ಎಂದಳು. "ನಾಲ್ಕೂ ಎಪ್ಪತ್ತೊಂದು. ನಡುವಿನ ಗೆರೆ ಮೇಲೆ."

ಅಪ್ಪ ಮೇಜಿನ ಮೇಲಿದ್ದ ಟೇಪನ್ನು ಎತ್ತಿಕೊಂಡು, ಬೆನ್ನ ಮೇಲಲ್ಲ, ಪೈಪಿನ ಮಗ್ಗುಲ ನಡುವಿಗೆ ಒತ್ತಿ ಅಳೆದು, ಬಳಪದಿಂದ ಗುರುತು ಹಾಕಿದ. ಬಗ್ಗಿ ನೋಡಿದ. ಆ ಗುರುತನ್ನು ಹೆಬ್ಬೆರಳಿನಲ್ಲಿ ಉಜ್ಜಿ ಅಳಿಸಿ, ಕೂದಲೆಳೆಯಷ್ಟು ಈಚೆಗೆ ಇನ್ನೊಂದು ಹಾಕಿದ. ಆಮೇಲೆ ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡು, ಮಗಳು ಹತ್ತಿರ ಬಂದು ನೋಡಿ ಹೂಂ ಅನ್ನಲಿ ಎಂದು ಕಾಯುತ್ತ ಕೂತ.